ಮಹಜರು

ಮಹಜರು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಡಿಗ್ರಿ ಓದುತ್ತಾ ಸಂಜೆ ಹೊತ್ತು ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎದುರಿಗೇ ಪೊಲೀಸ್ ಠಾಣೆ. ಅಲ್ಲಿಯ ಕಾಗದವೆಲ್ಲ ನಮ್ಮಲ್ಲಿಗೇ ಬರುತ್ತಿತ್ತು. ಲೆಕ್ಕ ಬರೆದಿಡುತ್ತಿದ್ದೆವು, ದುಡ್ಡು ಮಾತ್ರ ಯಾವತ್ತೂ ಪೂರ್ತಿ ಬರುತ್ತಿರಲಿಲ್ಲ.

ಒಂದು ದಿನ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಂದು, "ತಮ್ಮಾ, ಒಂದು ಸೈನ್ ಹಾಕಿ ಹೋಗು ಬಾ" ಅಂದರು. ನಾನು ನಮ್ಮ ಓನರ್ ಮುಖ ನೋಡಿದೆ. "ಹೋಗಿ ಬಾರಪ್ಪ, ಅವರ ಜೊತೆ ಯಾಕೆ ನಿಷ್ಠುರ" ಅಂದರು ಅವರು. ಹೋದೆ.

ಠಾಣೆಯ ಒಳಗೆ ರೈಟರ್ ಟೇಬಲ್ಲಿನ ಮೇಲೆ ಎರಡು ಹಾಳೆಯ ಮಹಜರು ಇಟ್ಟಿದ್ದರು. ಪಂಚರ, ಅಂದರೆ ಹೊರಗಿನ ಸಾಕ್ಷಿಗಳ, ಮುಂದೆ ಕಂಡದ್ದನ್ನು ಪೊಲೀಸರು ಬರೆದುಕೊಳ್ಳುವ ದಾಖಲೆ ಅದು. ಬಸ್ ಸ್ಟ್ಯಾಂಡಿನ ಹಿಂದೆ, ಬೆಳಿಗ್ಗೆ ಹನ್ನೊಂದೂವರೆಗೆ, ಪಂಚರ ಸಮಕ್ಷಮದಲ್ಲಿ, ಒಬ್ಬ ಹುಡುಗನ ಹತ್ತಿರ ತಾಮ್ರದ ತಂತಿ ಸಿಕ್ಕಿತು ಅಂತ ಅದರಲ್ಲಿ ಬರೆದಿತ್ತು. ಆ ಪಂಚರಲ್ಲಿ ಒಬ್ಬ ನಾನು. ಬೆಳಿಗ್ಗೆ ಹನ್ನೊಂದೂವರೆಗೆ ನಾನಿದ್ದದ್ದು ಕಾಲೇಜಿನಲ್ಲಿ. ಆ ಹುಡುಗ ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು. ಕಾಲು ಚಾಚಿಕೊಂಡಿದ್ದ. ಪಾದಗಳು ಬಾತುಕೊಂಡಿದ್ದವು.

ಸಹಿ ಹಾಕಿದೆ. ಒಂದು ನಿಮಿಷವೂ ಆಗಲಿಲ್ಲ. ಟೀ ಕೊಟ್ಟರು, ಕುಡಿದೆ.

ಸಾಕ್ಷಿ ಹೇಳೋಕೆ ಕೋರ್ಟಿಗೆ ಕರೆಯುತ್ತಾರೆ ಅಂತ ಬಹಳ ದಿನ ಹೆದರಿದ್ದೆ. ಕರೆಯಲೇ ಇಲ್ಲ. ಆಮೇಲೆ ಬೆಂಗಳೂರು, ಕೆಲಸ, ಮದುವೆ. ಎಲ್ಲ ಮರೆತ ಹಾಗೇ ಇತ್ತು. ಅದನ್ನು ಮತ್ತೆ ಎಬ್ಬಿಸಿದ್ದು ಒಂದು ಹಾಡು. ನಮ್ಮ ಭಾಷೆಯದಲ್ಲ, ನಮ್ಮ ದೇಶದ್ದೂ ಅಲ್ಲ.

2009ರಲ್ಲಿ ಕಂಪನಿ ಕೆಲಸದ ಮೇಲೆ ಲಂಡನ್ನಿಗೆ ಹೋಗಿ ಹೌನ್ಸ್‌ಲೋದಲ್ಲಿ ಮನೆ ಮಾಡಿದ್ದೆ. ಶನಿವಾರ ಬಂದರೆ 120ನೇ ನಂಬರಿನ ಬಸ್ಸು ಹತ್ತಿ ಸೌಥಾಲ್‌ಗೆ ಹೋಗುತ್ತಿದ್ದೆವು. ಮೆಂತ್ಯ ಸೊಪ್ಪು, ಕರಿಬೇವು, ಕಡಲೆಬೇಳೆ ಎಲ್ಲ ಅಲ್ಲಿ ಸಿಗುತ್ತಿತ್ತು. ಅಲ್ಲಿಯ ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಇಂಗ್ಲಿಷಿನ ಕೆಳಗೆ ಪಂಜಾಬಿಯಲ್ಲೂ ಊರಿನ ಹೆಸರು ಬರೆದಿದ್ದಾರೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಯಾಕೋ ತುಂಬ ಖುಷಿಯಾಗಿತ್ತು. ಪರದೇಶದಲ್ಲಿ ನಮ್ಮವರು ಬೋರ್ಡ್ ಹಾಕಿಸಿಕೊಳ್ಳುವಷ್ಟು ಗಟ್ಟಿಯಾಗಿ ನಿಂತಿದ್ದಾರಲ್ಲ ಅಂತ. ಅದರ ಹಿಂದೆ ಏನೇನು ನಡೆದಿತ್ತು ಅಂತ ಗೊತ್ತಿರಲಿಲ್ಲ.

ಹೇಳಿದ್ದು ನಮ್ಮ ಆಫೀಸಿನ ಒಬ್ಬ ಹಿರಿಯರು. ಸೌಥಾಲ್ ಪಕ್ಕದ ಹೇಸ್‌ನಲ್ಲಿ ಬೆಳೆದ ಬಿಳಿಯ ಇಂಗ್ಲಿಷ್ ಮನುಷ್ಯ. ಸೋಮವಾರ ನಾನು ತಂದ ಚಪಾತಿ, ಮೆಂತ್ಯ ಪಲ್ಯ ನೋಡಿ, ಸೊಪ್ಪು ಎಲ್ಲಿ ಸಿಕ್ಕಿತು ಅಂತ ಕೇಳಿದರು. ಸೌಥಾಲ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾರನೇ ದಿನ ಒಂದು ಸಿಡಿ ತಂದುಕೊಟ್ಟರು. ರಟ್ಸ್ ಅನ್ನುವ ಪಂಕ್ ಬ್ಯಾಂಡಿನ 'ದಿ ಕ್ರ್ಯಾಕ್'. 1979ರ ಆಲ್ಬಮ್ಮು. "ಇದರಲ್ಲಿ 'ಜಾ ವಾರ್' ಅಂತ ಒಂದು ಹಾಡಿದೆ, ಅದನ್ನು ಕೇಳು" ಅಂದರು.

ಪಂಕ್ ಅಂದರೆ ಗಲಾಟೆ ಅಂತಲೇ ನಾನು ಅಂದುಕೊಂಡಿದ್ದೆ. ಹರಿದ ಬಟ್ಟೆ, ನೆಟ್ಟಗೆ ನಿಂತ ಕೂದಲು, ಎರಡು ನಿಮಿಷ ಕಿರುಚಿ ಮುಗಿಸೋದು. ಈ ಹಾಡು ಹಾಗಿಲ್ಲ. ನಿಧಾನ. ಸುಮಾರು ಏಳು ನಿಮಿಷ ಇದೆ. ಜಮೈಕಾದ ರೆಗೆ ಸಂಗೀತದ ತಾಳ, ಎದೆಯೊಳಗೆ ಗುದ್ದುವ ಹಾಗೆ ಬೇಸ್ ಗಿಟಾರು. ಅದರ ಮೇಲೆ ಹಾಡುಗಾರ ಮಾಲ್ಕಮ್ ಓವನ್ ಗಂಟಲು ಕಟ್ಟಿದ ದನಿಯಲ್ಲಿ ಒಬ್ಬನ ಹೆಸರು ಹೇಳುತ್ತಾನೆ. ಕ್ಲಾರೆನ್ಸ್ ಬೇಕರ್. ಅವನು ತಂಟೆಕೋರನಾಗಿರಲಿಲ್ಲ ಅಂತ ಹೇಳುತ್ತಾನೆ. ದೊಣ್ಣೆ ಬಿತ್ತು, ಮನುಷ್ಯ ಬಿದ್ದ, ಬೀದಿಯಲ್ಲಿ ರಕ್ತವಿತ್ತು ಅನ್ನುತ್ತಾನೆ. ಹಾಡಿನ ತಿರುಳು ಇಷ್ಟೇ.

ಎರಡನೇ ಸಲ ಕೇಳುವಾಗ ನನಗೆ ಹೊಳೆಯಿತು. ಯಾರು ಬಿದ್ದರು, ಎಲ್ಲಿ ಬಿದ್ದರು, ಯಾವುದರಿಂದ ಹೊಡೆದರು, ಏನು ಕಾಣಿಸಿತು. ಇದು ಮಹಜರು ಅಲ್ವಾ?

ಆ ದಿನದ ಕಥೆ ಹೇಳುತ್ತೇನೆ. 1979ರ ಏಪ್ರಿಲ್ 23, ಸೋಮವಾರ. ಬ್ರಿಟನ್ನಿನಲ್ಲಿ ಮೇ 3ಕ್ಕೆ ಚುನಾವಣೆ ಇತ್ತು. ಬಿಳಿಯರಲ್ಲದವರನ್ನೆಲ್ಲ ದೇಶದಿಂದ ಕಳಿಸಬೇಕು ಅನ್ನುತ್ತಿದ್ದ ನ್ಯಾಷನಲ್ ಫ್ರಂಟ್ ಪಕ್ಷ ಸಭೆ ಮಾಡೋಕೆ ಆರಿಸಿಕೊಂಡದ್ದು ಸೌಥಾಲ್ ಟೌನ್ ಹಾಲನ್ನು. ಸುತ್ತಮುತ್ತ ಇರುವವರಲ್ಲಿ ಹೆಚ್ಚಿನವರು ಪಂಜಾಬಿಗಳು. ಆ ಪಕ್ಷಕ್ಕೆ ಅಲ್ಲಿ ವೋಟು ಬೀಳುವ ಮಾತೇ ಇರಲಿಲ್ಲ. ಬಂದದ್ದು ಕೆಣಕೋದಕ್ಕೆ. ಮೂರು ವರ್ಷದ ಹಿಂದೆ, 1976ರ ಜೂನ್ 4ರಂದು, ಅದೇ ಊರಿನ ಡೊಮಿನಿಯನ್ ಥಿಯೇಟರ್ ಹತ್ತಿರ ಗುರ್‌ದೀಪ್ ಸಿಂಗ್ ಚಗ್ಗರ್ ಅನ್ನುವ ಹದಿನೆಂಟು ವರ್ಷದ ಹುಡುಗನನ್ನು ಬಿಳಿ ಹುಡುಗರು ಚುಚ್ಚಿ ಕೊಂದಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು.

ಊರಿನವರು ಬೇಡ ಅಂದರು. ಅರ್ಜಿ ಹಿಡಿದು ಮೆರವಣಿಗೆ ಹೋದರು. ಅಲ್ಲಿಯ ಪುರಸಭೆಯಾದ ಕೌನ್ಸಿಲ್ ಕೇಳಲಿಲ್ಲ. ಸೋಮವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಜನ ಬೀದಿಗೆ ಬಂದರು. ರಸ್ತೆಯಲ್ಲಿ ಸುಮ್ಮನೆ ಕೂರೋಣ ಅಂತ ಅವರ ಲೆಕ್ಕ. ಆದರೆ ಅಷ್ಟರಲ್ಲಿ 2,500ಕ್ಕೂ ಹೆಚ್ಚು ಪೊಲೀಸರು ಬಂದು ಊರಿನ ನಡುಭಾಗವನ್ನು ಕಟ್ಟಿಹಾಕಿದ್ದರು. ಕುದುರೆ ಪೊಲೀಸರಿದ್ದರು, ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು. ಕೆಲಸ ಮುಗಿಸಿ ಬಂದವರಿಗೆ ಮನೆಗೆ ಹೋಗೋಕೂ ದಾರಿಯಿಲ್ಲ. ಒಳಗೆ ಸಭೆ ಮಾಡುತ್ತಿದ್ದದ್ದು ಬೆರಳೆಣಿಕೆಯ ಜನ.

ಪಾರ್ಕ್ ವ್ಯೂ ರೋಡಿನ 6ನೇ ನಂಬರಿನ ಮನೆಯಲ್ಲಿ ಪೀಪಲ್ ಯುನೈಟ್ ಅನ್ನುವ ಸಂಗೀತಗಾರರ ಒಂದು ಗುಂಪಿತ್ತು. ಮಿಸ್ಟಿ ಇನ್ ರೂಟ್ಸ್ ಅನ್ನುವ ರೆಗೆ ಬ್ಯಾಂಡಿನವರು ಅಲ್ಲೇ ಅಭ್ಯಾಸ ಮಾಡುತ್ತಿದ್ದರು. ರಟ್ಸ್ ಹುಡುಗರ ಮೊದಲ ರೆಕಾರ್ಡ್ ಬಂದದ್ದೂ ಪೀಪಲ್ ಯುನೈಟ್ ಹೆಸರಿನಲ್ಲೇ, ಅದೇ ವರ್ಷದ ಶುರುವಿನಲ್ಲಿ. ಒಂದು ಕರಿಯರ ರೆಗೆ ಗುಂಪು ನಾಲ್ಕು ಬಿಳಿ ಪಂಕ್ ಹುಡುಗರ ಪ್ಲೇಟ್ ಹೊರತಂದಿತ್ತು. ಯಾರು ಯಾರಿಗೆ ಕೈಹಿಡಿದು ದಾರಿ ತೋರಿಸಿದರು ಅನ್ನೋದು ಇಲ್ಲಿ ಮುಖ್ಯ, ಅದಕ್ಕೇ ಹೇಳಿದೆ.

ಆ ದಿನ ಅದೇ ಮನೆಯಲ್ಲಿ ಗಾಯಗೊಂಡವರಿಗೆ ಪಟ್ಟಿ ಕಟ್ಟುತ್ತಿದ್ದರು. ವಕೀಲರೂ ಕೂತಿದ್ದರು. ಪೊಲೀಸರು ಒಳಗೆ ನುಗ್ಗಿದರು. ಸಿಕ್ಕವರನ್ನು ಹೊಡೆದರು, ವಾದ್ಯ ಒಡೆದರು, ಸ್ಪೀಕರ್ ಒಡೆದರು. ಮಿಸ್ಟಿ ಬ್ಯಾಂಡಿನ ಮ್ಯಾನೇಜರ್ ಕ್ಲಾರೆನ್ಸ್ ಬೇಕರ್ ತಲೆಗೆ ಏಟು ಬಿದ್ದು ಬುರುಡೆ ಬಿರಿಯಿತು. ಪ್ರಜ್ಞೆ ತಪ್ಪಿ ಕೋಮಾಕ್ಕೆ ಹೋದ. ಬದುಕಿದ, ಸದ್ಯ.

ಬದುಕದೇ ಹೋದವರು ಬ್ಲೇರ್ ಪೀಚ್. ನ್ಯೂಜಿಲೆಂಡಿನಿಂದ ಬಂದ ಮೇಷ್ಟ್ರು. ವಯಸ್ಸು 33. ಪೂರ್ವ ಲಂಡನ್ನಿನ ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಸಂಜೆ ಗೆಳೆಯರ ಜೊತೆ ಪ್ರತಿಭಟನೆಯಿಂದ ವಾಪಸ್ ಹೋಗುತ್ತಾ ಬೀಚ್‌ಕ್ರಾಫ್ಟ್ ಅವೆನ್ಯೂ ಕಡೆ ತಿರುಗಿದ್ದರು. ಅಲ್ಲಿಗೆ ಸ್ಪೆಷಲ್ ಪೆಟ್ರೋಲ್ ಗ್ರೂಪಿನ ವ್ಯಾನು ಬಂತು. ಎಸ್‌ಪಿಜಿ ಅನ್ನುತ್ತಿದ್ದರು. ನಮ್ಮ ಪ್ರಧಾನಿಯ ಕಾವಲಿನ ಎಸ್‌ಪಿಜಿ ಬೇರೆ, ಇದು ಲಂಡನ್ ಪೊಲೀಸರ ಗಲಭೆ ಪಡೆ. ಇಳಿದವರಲ್ಲಿ ಒಬ್ಬ ಪೀಚ್ ತಲೆಗೆ ಹೊಡೆದ. ಹತ್ತಿರದ ಮನೆಯ ಪಂಜಾಬಿ ಕುಟುಂಬ ಅವರನ್ನು ಒಳಗೆ ಕರೆದು ನೀರು ಕೊಟ್ಟಿತು. ಲೋಟ ಹಿಡಿಯೋಕೂ ಅವರಿಗೆ ಆಗಲಿಲ್ಲವಂತೆ. ಅದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹೂಳುವ ಮುಂಚೆ ಅವರ ಶವವನ್ನು ಡೊಮಿನಿಯನ್ ಥಿಯೇಟರಿನಲ್ಲಿ ಇಟ್ಟಿದ್ದರು. ಚಗ್ಗರ್ ಬಿದ್ದಿದ್ದ ಜಾಗದ ಪಕ್ಕದಲ್ಲೇ. ಎಲ್ಲಿಂದಲೋ ಬಂದು ತಮ್ಮೂರಿನ ಬೀದಿಯಲ್ಲಿ ಸತ್ತ ಬಿಳಿ ಮೇಷ್ಟ್ರ ಮುಂದೆ ಸಾವಿರಾರು ಸಿಖ್ಖರು ಸಾಲುಗಟ್ಟಿ ತಲೆಬಾಗಿ ಹೋದರು. ಇದನ್ನು ಓದಿದಾಗೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ. ಈಗ ಸೌಥಾಲ್‌ನಲ್ಲಿ ಅವರ ಹೆಸರಿನ ಒಂದು ಪ್ರೈಮರಿ ಸ್ಕೂಲಿದೆ.

ಆಮೇಲೆ ಕೇಸು ಬಿದ್ದದ್ದು ಯಾರ ಮೇಲೆ? ಊರಿನವರ ಮೇಲೆ. ಮುನ್ನೂರಕ್ಕೂ ಹೆಚ್ಚು ಜನರ ಮೇಲೆ ಕೇಸು ಜಡಿದರು. ವಿಚಾರಣೆ ನಡೆಸಿದ್ದು ಲಂಡನ್ನಿನ ಇನ್ನೊಂದು ಮೂಲೆಯ ಬಾರ್ನೆಟ್‌ನಲ್ಲಿ. ದಿನಗೂಲಿ ಬಿಟ್ಟು, ಅಷ್ಟು ದೂರ ಓಡಾಡಿ, ಗೊತ್ತಿಲ್ಲದ ಊರಿನ ಕೋರ್ಟಿನಲ್ಲಿ ನಿಲ್ಲಬೇಕು. ಕೋರ್ಟಿಗೆ ಅಲೆದವರಿಗೆ ಗೊತ್ತು, ತೀರ್ಪಿಗೆ ಮುಂಚೆಯೇ ಅಲೆದಾಟವೇ ಅರ್ಧ ಶಿಕ್ಷೆ. ಬ್ಲೇರ್ ಪೀಚ್ ಸಾವಿಗೆ ಎಷ್ಟು ಪೊಲೀಸರ ಮೇಲೆ ಕೇಸು ಬಿತ್ತು? ಒಬ್ಬರ ಮೇಲೂ ಇಲ್ಲ. ಅವತ್ತೂ ಇಲ್ಲ, ಇವತ್ತಿನವರೆಗೂ ಇಲ್ಲ.

ಹಾಗಂತ ತನಿಖೆ ನಡೆಯಲಿಲ್ಲ ಅಂತಲ್ಲ. ಚೆನ್ನಾಗಿಯೇ ನಡೆಯಿತು. ಕಮಾಂಡರ್ ಜಾನ್ ಕ್ಯಾಸ್ ಅನ್ನುವ ಪೊಲೀಸ್ ಅಧಿಕಾರಿಯೇ ಮಾಡಿದರು. ಎಸ್‌ಪಿಜಿಯವರ ಲಾಕರ್ ತೆಗೆಸಿದರೆ ಏನೇನು ಸಿಕ್ಕಿತು ಗೊತ್ತಾ? ಹಾರೆ, ಚಾಟಿ, ಚಾಕು, ಸೀಸ ತುಂಬಿದ ಚರ್ಮದ ದೊಣ್ಣೆ. ಇಲಾಖೆ ಕೊಟ್ಟವಲ್ಲ, ಅವರೇ ತಂದಿಟ್ಟುಕೊಂಡವು. ಒಬ್ಬನ ಬಳಿ ನಾಜಿಗಳ ಬಿಲ್ಲೆ, ಬಟ್ಟೆಬರೆಯ ಸಂಗ್ರಹವೇ ಇತ್ತು. ಪೀಚ್ ತಲೆಯ ಗಾಯ ಪೊಲೀಸರ ಮಾಮೂಲಿ ಮರದ ದೊಣ್ಣೆಯಿಂದ ಆದದ್ದಲ್ಲ ಅಂತ ಡಾಕ್ಟರು ಹೇಳಿದ್ದರು. ಪೊಲೀಸರವನೇ ಒಬ್ಬ ಹೊಡೆದದ್ದು, ಅದೂ ಒಂದೇ ವ್ಯಾನಿನ ಆರು ಜನರಲ್ಲಿ ಒಬ್ಬ, ಅನ್ನುವಲ್ಲಿಗೆ ಕ್ಯಾಸ್ ಬಂದು ಮುಟ್ಟಿದರು. ಅವರು ಸುಳ್ಳು ಹೇಳಿ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದಾರೆ ಅಂತಲೂ ಬರೆದರು. ಮೂವರ ಮೇಲೆ ಕೇಸು ಹಾಕಿ ಅಂದರು.

ಹಾಕಲಿಲ್ಲ. ಸಾವಿನ ವಿಚಾರಣೆಯನ್ನು ಜ್ಯೂರಿ ಮುಂದೆ ನಡೆಸಬೇಕು ಅಂತ ಹೋರಾಡಿ ಪಡೆಯೋಕೆ ಮನೆಯವರು ಮೇಲಿನ ಕೋರ್ಟಿಗೆ ಹೋಗಬೇಕಾಯಿತು. 1980ರ ಮೇ ತಿಂಗಳಲ್ಲಿ ತೀರ್ಮಾನ ಬಂತು. ಅವಘಡದಿಂದ ಆದ ಸಾವು ಅಂತ. ಆ ಜ್ಯೂರಿಗೆ ಕ್ಯಾಸ್ ವರದಿಯನ್ನು ತೋರಿಸಲೇ ಇಲ್ಲ. ವರದಿ ಬೀರುವಿಗೆ ಹೋಯಿತು.

ಹಾಡು ಬೀರುವಿಗೆ ಹೋಗಲಿಲ್ಲ. ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ. 1979ರ ಜುಲೈನಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಸೌಥಾಲ್ ಹುಡುಗರು ನಿರಪರಾಧಿಗಳು ಅಂತ ಹೆಸರಿಟ್ಟು ಎರಡು ದಿನ ಕಾರ್ಯಕ್ರಮ ನಡೆಸಿದರು. ಅವರ ವಕೀಲರ ಖರ್ಚಿಗೆ ದುಡ್ಡು ಕೂಡಿಸೋದಕ್ಕೆ. ಕ್ಲ್ಯಾಶ್ ಬ್ಯಾಂಡಿನವರು ಬಂದು ನುಡಿಸಿದರು, ಮಿಸ್ಟಿಯವರೂ ನುಡಿಸಿದರು. ಆ ವರ್ಷ ಮುಗಿಯುವಷ್ಟರಲ್ಲಿ 'ಜಾ ವಾರ್' ಪ್ಲೇಟಾಗಿ ಅಂಗಡಿಗೆ ಬಂದಿತ್ತು. ಮುಂದಿನ ವರ್ಷ, ಜಮೈಕಾ ಮೂಲದ ಕವಿ ಲಿಂಟನ್ ಕ್ವೆಸಿ ಜಾನ್ಸನ್ ಬ್ಲೇರ್ ಪೀಚ್ ಮೇಲೆ ಹಾಡು ಕಟ್ಟಿ, ಕೊಂದದ್ದು ಎಸ್‌ಪಿಜಿ ಅಂತ ನೇರವಾಗಿ ಹೇಳಿದ. ಜ್ಯೂರಿಗೆ ತೋರಿಸದೆ ಬಚ್ಚಿಟ್ಟ ಮಾತು ಪ್ಲೇಟಿನ ಅಂಗಡಿಯಲ್ಲಿ ಯಾವ ಹುಡುಗನಿಗೆ ಬೇಕಾದರೂ ಸಿಗುತ್ತಿತ್ತು.

ಅದೇ ಆಲ್ಬಮ್ಮಿನಲ್ಲಿ ರಟ್ಸ್ ಅವರ ಇನ್ನೊಂದು ಹಾಡಿದೆ, 'ಎಸ್.ಯು.ಎಸ್.' ಅಂತ. ಸಸ್ ಅಂದರೆ 1824ರ ಒಂದು ಅಲೆಮಾರಿ ಕಾನೂನಿನ ಅಡ್ಡಹೆಸರು. ಬೀದಿಯಲ್ಲಿ ನಿಂತವನನ್ನು ಕಳ್ಳತನಕ್ಕೆ ಹೊಂಚು ಹಾಕುತ್ತಿದ್ದಾನೆ ಅನ್ನುವ ಅನುಮಾನದ ಮೇಲೇ ಹಿಡಿಯಬಹುದಿತ್ತು. ಇಬ್ಬರು ಪೊಲೀಸರ ಮಾತೇ ಸಾಕ್ಷಿ. ಬೇರೆ ಯಾರೂ ಬೇಕಿಲ್ಲ. ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದದ್ದು ಕರಿಯ ಹುಡುಗರು. 1981ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮಲ್ಲಿ ಕಾನೂನು ಕನಿಷ್ಠ ಇಬ್ಬರು ಹೊರಗಿನ ಪಂಚರನ್ನು ಕೇಳುತ್ತದೆ. ಎದುರಿಗೆ ಒಂದು ಝೆರಾಕ್ಸ್ ಅಂಗಡಿ ಇದ್ದರೆ ಅದಕ್ಕೇನೂ ಕಷ್ಟವಿಲ್ಲ ಅಂತ ನನಗೆ ಗೊತ್ತು.

ಸಿಡಿ ಕೊಟ್ಟ ಆ ಹಿರಿಯರು ಒಂದು ದಿನ ನನಗೆ ಹೇಳಿದರು. ಆಗ ಅವರಿಗೆ ಹದಿನೇಳು ವರ್ಷ. ಪೇಪರಿನಲ್ಲಿ ಅವರ ಅಪ್ಪ ಓದಿದ್ದು ಏಷ್ಯನ್ನರು ಗಲಭೆ ಎಬ್ಬಿಸಿದರು ಅಂತ. ಹುಡುಗ ನಂಬಿದ. ಆರು ತಿಂಗಳಾದ ಮೇಲೆ ಗೆಳೆಯನ ಮನೆಯಲ್ಲಿ ಈ ಹಾಡು ಕೇಳಿ, ಕ್ಲಾರೆನ್ಸ್ ಬೇಕರ್ ಯಾರು ಅಂತ ವಿಚಾರಿಸಿದ. ಎರಡು ಮೈಲಿ ಆಚೆ ನಡೆದದ್ದು ಅವನಿಗೆ ಹಾಡಿನಿಂದ ತಿಳಿಯಿತು. "ಅದಾದ ಮೇಲೆ ಅಪ್ಪನ ಪೇಪರ್ ಓದೋದು ಬಿಟ್ಟೆ" ಅಂದರು.

ಪಂಕ್ ಹುಡುಗರೆಲ್ಲ ಒಳ್ಳೆಯವರಾಗಿದ್ದರು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಶುರುವಿನಲ್ಲಿ ಕೆಲವರು ಜನರನ್ನು ಬೆಚ್ಚಿಬೀಳಿಸೋಕೆ ನಾಜಿಗಳ ಸ್ವಸ್ತಿಕ ಹಾಕಿಕೊಂಡು ತಿರುಗಿದ್ದರು. ಅದು ಎಂಥ ಗಾಯವನ್ನು ಕೆರೆಯುತ್ತದೆ ಅನ್ನುವ ಪರಿವೆಯೇ ಇರಲಿಲ್ಲ. ಸೌಥಾಲ್‌ನಲ್ಲೇ, 1981ರ ಜುಲೈ 3ರಂದು, ಹ್ಯಾಂಬ್ರೋ ಟಾವರ್ನ್ ಅನ್ನುವ ಪಬ್ಬಿನಲ್ಲಿ ಪಂಕ್‌ನದೇ ಕವಲಾದ ಓಯ್ ಬ್ಯಾಂಡುಗಳ ಕಾರ್ಯಕ್ರಮವಿತ್ತು. ಬೇರೆ ಕಡೆಯಿಂದ ಬಸ್ಸು ತುಂಬಿ ಬಂದ, ತಲೆ ಬೋಳಿಸಿಕೊಂಡ ಸ್ಕಿನ್‌ಹೆಡ್‌ಗಳು ಬ್ರಾಡ್‌ವೇ ಉದ್ದಕ್ಕೂ ಅಂಗಡಿ ಗಾಜು ಒಡೆದರು, ಜನರನ್ನು ಹೊಡೆದರು. ಈ ಸಲ ಊರಿನ ಹುಡುಗರು ಕಾಯಲಿಲ್ಲ. ರಾತ್ರಿ ಪಬ್ಬು ಸುಟ್ಟುಹೋಯಿತು. ಅದೇ ತಾಳ, ಅದೇ ಗಿಟಾರು. ಹಿಡಿದವರು ಬೇರೆ. ಅದಕ್ಕೇ ನನಗೆ ಸಂಗೀತದ ಬಗೆಗಿಂತ ರಟ್ಸ್ ಯಾರ ಮನೆಯಲ್ಲಿ ಕೂತು ಕಲಿತರು ಅನ್ನೋದೇ ಜಾಸ್ತಿ ಮುಖ್ಯ ಅನಿಸುತ್ತದೆ.

ಇನ್ನೊಂದು ಬ್ಯಾಂಡಿನ ಹೆಸರು ಹೇಳದೆ ಇರಲಾರೆ. ಏಲಿಯನ್ ಕಲ್ಚರ್. ಮೂವರು ಪಾಕಿಸ್ತಾನ ಮೂಲದ ಹುಡುಗರು, ಒಬ್ಬ ಬಿಳಿಯ. ಬೇರೆ ಸಂಸ್ಕೃತಿಯ ಜನರಿಂದ ನಮ್ಮ ದೇಶ ಮುಳುಗಿಹೋಗಬಹುದು ಅಂತ ಇಲ್ಲಿಯವರಿಗೆ ಭಯವಿದೆ ಎಂದು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ 1978ರಲ್ಲಿ ಟೀವಿಯಲ್ಲಿ ಹೇಳಿದ್ದರು. ಈ ಹುಡುಗರು ಆ ಮಾತಿನಿಂದಲೇ ತಮ್ಮ ಹೆಸರು ಮಾಡಿಕೊಂಡರು. 1980ರಲ್ಲಿ ಒಂದು ಪ್ಲೇಟ್ ಬಂತು, ಅಷ್ಟೇ. ಆದರೂ ಅವರ ಕಾರ್ಯಕ್ರಮಕ್ಕೆ ಬರುತ್ತಿದ್ದ ಏಷ್ಯನ್ ಹುಡುಗರನ್ನು ನೆನೆಸಿಕೊಳ್ಳಿ. ತಮ್ಮ ಮುಖದ ಬಣ್ಣದವನೊಬ್ಬ ವೇದಿಕೆಯ ಮೇಲೆ ನಿಂತು ಸಿಟ್ಟಿನಿಂದ ಹಾಡೋದನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಮಾಲ್ಕಮ್ ಓವನ್ 1980ರ ಜುಲೈನಲ್ಲಿ ಹೆರಾಯಿನ್‌ನಿಂದ ಸತ್ತ. 26 ವರ್ಷಕ್ಕೆ. ಬೀರುವಿನಲ್ಲಿದ್ದ ವರದಿ ಹೊರಬರೋದನ್ನು ಅವನು ನೋಡಲಿಲ್ಲ.

ಅದು ಹೊರಬಂದದ್ದು 2010ರ ಏಪ್ರಿಲ್ 27ರಂದು. 31 ವರ್ಷವಾದ ಮೇಲೆ. ಅದಕ್ಕೂ ಇನ್ನೊಂದು ಸಾವು ಬೇಕಾಯಿತು. 2009ರ ಏಪ್ರಿಲ್ 1ರಂದು ಲಂಡನ್ನಿನಲ್ಲಿ ಜಿ-20 ಪ್ರತಿಭಟನೆ ನಡೆಯುತ್ತಿತ್ತು. ಪೇಪರ್ ಮಾರುವ ಇಯಾನ್ ಟಾಮ್ಲಿನ್ಸನ್ ಪ್ರತಿಭಟನೆಗೆ ಬಂದವರೂ ಅಲ್ಲ, ಮನೆ ಕಡೆ ಹೋಗುತ್ತಿದ್ದರು. ಹಿಂದಿನಿಂದ ಪೊಲೀಸನೊಬ್ಬ ದೊಣ್ಣೆಯಿಂದ ಹೊಡೆದು ನೂಕಿದ. ಬಿದ್ದು, ಎದ್ದು, ಸ್ವಲ್ಪ ದೂರ ನಡೆದು ಸತ್ತರು. ಆ ಪೊಲೀಸನ ಪಡೆ ಯಾವುದು ಅಂದರೆ, ಎಸ್‌ಪಿಜಿಯನ್ನು ಮುಚ್ಚಿ ಅದರ ಜಾಗಕ್ಕೆ ತಂದ ಪಡೆ. ಈ ಸಲ ದಾರಿಹೋಕನೊಬ್ಬ ವಿಡಿಯೊ ಮಾಡಿದ್ದ. ಬ್ಲೇರ್ ಪೀಚ್ ಹೆಸರು ಮತ್ತೆ ಜನರ ಬಾಯಿಗೆ ಬಂತು, ಬೀರು ತೆರೆಯಿತು. ಮೂವತ್ತು ವರ್ಷ ಬಿಡದೆ ಹಟ ಹಿಡಿದ ಪೀಚ್ ಅವರ ಸಂಗಾತಿ ಸೀಲಿಯಾ ಸ್ಟಬ್ಸ್ ಅದನ್ನು ಕೊನೆಗೂ ಕೈಯಲ್ಲಿ ಹಿಡಿದು ಓದಿದರು. ಹೆಸರುಗಳ ಮೇಲೆ ಕಪ್ಪು ಬಳಿದಿತ್ತು. ಟಾಮ್ಲಿನ್ಸನ್ ಸಾವನ್ನು ಕಾನೂನುಬಾಹಿರ ಕೊಲೆ ಅಂತ 2011ರಲ್ಲಿ ಜ್ಯೂರಿ ಹೇಳಿತು. 2012ರಲ್ಲಿ ಇನ್ನೊಂದು ಜ್ಯೂರಿ ಆ ಪೊಲೀಸನನ್ನು ಬಿಡುಗಡೆ ಮಾಡಿತು. ಆಮೇಲೆ ಇಲಾಖೆ ಅವನನ್ನು ಕೆಲಸದಿಂದ ತೆಗೆಯಿತು. ಅಷ್ಟು ಸ್ಪಷ್ಟ ವಿಡಿಯೊ ಇದ್ದೂ ಅಷ್ಟೇ.

ವರದಿಯ ಸುದ್ದಿಯನ್ನು ನಾನು ಓದಿದ್ದು ಬಸ್ಸಿನಲ್ಲಿ, ಸೀಟಿನ ಮೇಲೆ ಯಾರೋ ಬಿಟ್ಟು ಹೋಗಿದ್ದ ಪೇಪರಿನಲ್ಲಿ. ಪೊಲೀಸನೇ ಹೊಡೆದದ್ದು ಅಂತ ಪೊಲೀಸರ ಕಾಗದವೇ ಹೇಳುತ್ತಿತ್ತು. ಸೌಥಾಲ್‌ನಲ್ಲಿ ಇದು ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ಆ ಶನಿವಾರ ಸೊಪ್ಪಿನ ಚೀಲ ಹಿಡಿದುಕೊಂಡೇ ಬೀಚ್‌ಕ್ರಾಫ್ಟ್ ಅವೆನ್ಯೂಗೆ ಹೋದೆ. ಸಾಲು ಮನೆಗಳು, ಮುಂದೆ ಪುಟ್ಟ ಕಾಂಪೌಂಡು. ಒಬ್ಬ ಅಜ್ಜಿ ಬಾಗಿಲಲ್ಲಿ ಬಟಾಣಿ ಸುಲಿಯುತ್ತಿದ್ದರು. ಇಯರ್‌ಫೋನ್ ಹಾಕಿಕೊಂಡು ಹಾಡನ್ನು ಪೂರ್ತಿ ಕೇಳಿದೆ. ಏಳು ನಿಮಿಷ ಒಂದೇ ಕಡೆ ನಿಂತಿದ್ದೆ. ಯಾರನ್ನಾದರೂ ಹುಡುಕುತ್ತಿದ್ದೀಯಾ ಬೇಟಾ ಅಂತ ಅಜ್ಜಿ ಹಿಂದಿಯಲ್ಲಿ ಕೇಳಿದರು. ಇಲ್ಲ ಮಾಜಿ ಅಂದೆ.

ಆ ಏಳು ನಿಮಿಷದಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮೂರಿನ ಠಾಣೆಯ ನೆಲ. ನಾಲ್ಕು ಹುಡುಗರು ತಮ್ಮ ಗೆಳೆಯನಿಗೆ ಬಿದ್ದ ಏಟನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ದರು. ಅವರಿಗೂ ಮೂವತ್ತು ತುಂಬಿರಲಿಲ್ಲ. ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಣದ್ದನ್ನು ಕಂಡೆ ಅಂತ ಬರೆದುಕೊಟ್ಟೆ, ಕಂಡದ್ದನ್ನು ನುಂಗಿಕೊಂಡೆ.

ಅದಕ್ಕೇ ಈಗ ಬರೆಯುತ್ತಿದ್ದೇನೆ. ನನಗೆ ಹಾಡೋಕೆ ಬರೋದಿಲ್ಲ. ಸಂಜೆ ಸುಮಾರು ಆರು ಗಂಟೆ. ಠಾಣೆಯ ಒಳಕೋಣೆ, ಬಾಗಿಲಿನಿಂದ ಎಡಕ್ಕೆ. ಒಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು. ಹುಡುಗ ಗೋಡೆಗೆ ಒರಗಿ ಕೂತಿದ್ದ. ನೀಲಿ ಗೆರೆಯ ಅರ್ಧ ತೋಳಿನ ಶರ್ಟು, ಎರಡು ಗುಂಡಿ ಇರಲಿಲ್ಲ. ಎರಡೂ ಅಂಗಾಲು ಬಾತು ಕೆಂಪಾಗಿತ್ತು, ಎಡಗಾಲು ಜಾಸ್ತಿ. ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ನೀರಿತ್ತು, ಕುಡಿದಿರಲಿಲ್ಲ. ಟೇಬಲ್ಲಿನ ಮೇಲಾಗಲಿ ನೆಲದ ಮೇಲಾಗಲಿ ತಾಮ್ರದ ತಂತಿ ನನಗೆ ಕಾಣಲಿಲ್ಲ. ನಾನು ಸಹಿ ಹಾಕುವಾಗ ಅವನು ನನ್ನ ಕೈಯನ್ನೇ ನೋಡುತ್ತಿದ್ದ.

ಅವನ ಹೆಸರು ಆ ಹಾಳೆಯಲ್ಲಿತ್ತು. ನಾನು ಓದಲಿಲ್ಲ.